ಗ್ರಾಫ್‌ಕ್ಯೂಎಲ್ ಪ್ರಶ್ನೆಗಳಿಂದ ಗೋ ಭಾಷೆಯ ಕ್ರಮವಿಧಿ

ಫೇಸ್‌ಬುಕ್ ಸಂಸ್ಥೆಯಲ್ಲಿ 2012ರಲ್ಲಿ ರೂಪುಗೊಂಡು 2015ರಲ್ಲಿ ಪ್ರಕಟವಾದ ಗ್ರಾಫ್‌ಕ್ಯೂಎಲ್, ಬೇಕಾದ ಅಂಶಗಳನ್ನಷ್ಟೇ ಹೆಸರಿಸಿ ಸರ್ವರಿನಿಂದ ಪಡೆಯುವ ಪ್ರಶ್ನಭಾಷೆ. ಪ್ರತಿಯೊಂದು ಅಂಶದ ಟೈಪ್, ಎಂದರೆ ದತ್ತದ ಬಗೆ, ಸ್ಕೀಮಾದಲ್ಲಿ ಮೊದಲೇ ನಿಶ್ಚಿತವಾಗಿರುತ್ತದೆ. ಗೋ ಭಾಷೆಯೂ ಟೈಪುಗಳ ವಿಷಯದಲ್ಲಿ ಕಟ್ಟುನಿಟ್ಟಾದುದೇ. ಆದರೂ ಪ್ರಶ್ನೆಯನ್ನು ಬರಿಯ ಅಕ್ಷರಮಾಲೆಯಾಗಿ ಬರೆದು, ಉತ್ತರದ ಸ್ಟ್ರಕ್ಟನ್ನು ಕೈಯಿಂದಲೇ ರಚಿಸಿದಲ್ಲಿ ಇವೆರಡರ ಹೊಂದಿಕೆಯನ್ನು ಪರೀಕ್ಷಿಸುವವರಿಲ್ಲ. ಸ್ಟ್ರಕ್ಟಿನ ಹೆಸರೊಂದರಲ್ಲಿ ಅಕ್ಷರ ತಪ್ಪಿದರೆ ಕಂಪೈಲರ್ ಸುಮ್ಮನಿರುತ್ತದೆ. ಆ ಸ್ಥಾನ ಬರಿದಾಗಿಯೇ ಉಳಿಯುತ್ತದೆ.

ಖಾನ್ ಅಕಾಡೆಮಿಯವರು 2021ರಲ್ಲಿ ಹೊರತಂದ ಜೆನ್‌ಕ್ಲೈಂಟ್ ಈ ಕೊರತೆಯನ್ನು ನೀಗುತ್ತದೆ. ಅದು ಸ್ಕೀಮಾವನ್ನೂ ಪ್ರಶ್ನೆಗಳನ್ನೂ ಒಟ್ಟಿಗೆ ಓದಿ, ಪ್ರತಿ ಪ್ರಶ್ನೆಗೂ ಒಂದು ಫಂಕ್ಷನ್ನನ್ನೂ ಉತ್ತರಕ್ಕೆ ತಕ್ಕ ಸ್ಟ್ರಕ್ಟನ್ನೂ ತಾನೇ ಬರೆದುಕೊಡುತ್ತದೆ. ಸ್ಕೀಮಾದಲ್ಲಿಲ್ಲದ ಹೆಸರನ್ನು ಕೇಳಿದರೆ, ಕ್ರಮವಿಧಿ ಓಡುವುದಕ್ಕೆ ಮೊದಲೇ ದೋಷವನ್ನು ತೋರಿಸುತ್ತದೆ.

ಶೂನ್ಯದ ವಿಷಯದಲ್ಲಿ ಮಾತ್ರ ಎಚ್ಚರ ಅವಶ್ಯ. ವಿದ್ಯಾರ್ಥಿಯೊಬ್ಬನ ಅಂಕವನ್ನು ಕೇಳಿದೆವೆನ್ನೋಣ. ಅಂಕ ದಾಖಲಾಗಿಲ್ಲದಿದ್ದರೆ ಸರ್ವರು ‘ನಲ್’ ಎನ್ನುತ್ತದೆ; ಜೆನ್‌ಕ್ಲೈಂಟ್ ಸಾಮಾನ್ಯವಾಗಿ ಅದನ್ನು ಪೂರ್ಣಾಂಕ 0 ಆಗಿ ಒಪ್ಪಿಸುತ್ತದೆ. ಪರೀಕ್ಷೆಗೆ ಕೂಡದವನೂ ಕುಳಿತು ಸೊನ್ನೆ ಪಡೆದವನೂ ಒಂದೇ ಆಗಿಬಿಡುತ್ತಾರೆ! ಪ್ರಶ್ನೆಯಲ್ಲಿ ಆ ಅಂಶದ ಮೇಲಣ ಸಾಲಿನಲ್ಲಿ ಟಿಪ್ಪಣಿರೂಪದ ಸೂಚನೆಯಿತ್ತು ಪಾಯಿಂಟರನ್ನು ಕೇಳಿದರೆ, ನಲ್ ಬಂದಾಗ ಅದು ‘ನಿಲ್’ ಆಗಿರುತ್ತದೆ, ಭೇದ ಉಳಿಯುತ್ತದೆ. ಎಲ್ಲೆಡೆಯೂ ಪಾಯಿಂಟರನ್ನೇ ಬಳಸುವುದು ನಮ್ಮ ಅಭಿಪ್ರಾಯದಲ್ಲಿ ಉಚಿತವಲ್ಲ. ಆಗ ಪ್ರತಿ ಹೆಜ್ಜೆಯಲ್ಲೂ ನಿಲ್ ಪರೀಕ್ಷೆಯ ಹೊರೆ ಬೀಳುತ್ತದೆ. ಅಂಕದಂತೆ ಸೊನ್ನೆಗೇ ಅರ್ಥವಿರುವಲ್ಲಿ ಅದು ಯುಕ್ತ.