ನೆರೆಯ ರೌಟರುಗಳ ಹೊಂದಾಣಿಕೆ ತಪ್ಪಿದಾಗ: ಗ್ರಾಮ ಪಂಚಾಯತಿ ಸದಸ್ಯರ ಅವಗಾಹನೆಗೆ

ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ಗ್ರಾಮ ಪಂಚಾಯತಿಗಳಲ್ಲಿ ಅಂತರ್ಜಾಲ ಸಂಪರ್ಕ ಕಡಿತಗೊಂಡಲ್ಲಿ ಪಂಚತಂತ್ರ, ಇ-ಸ್ವತ್ತು ತಂತ್ರಾಂಶಗಳು ತೆರೆಯುವುದಿಲ್ಲ. ನಮೂನೆ 9 ಮತ್ತು 11ಕ್ಕಾಗಿ ದಿನಗೂಲಿ ಬಿಟ್ಟು ಬಂದವರು ಬರಿಗೈಯಲ್ಲಿ ಮರಳಬೇಕಾಗುತ್ತದೆ. ಆದ್ದರಿಂದ ಈ ದೋಷದ ಸ್ವರೂಪವನ್ನು ಸದಸ್ಯರು ತಿಳಿದಿರುವುದು ಅಗತ್ಯ.

ಭಾರತ್‌ನೆಟ್ ಯೋಜನೆಯ ಆರಂಭದ ಹಂತದಲ್ಲಿ ತಾಲ್ಲೂಕು ಕೇಂದ್ರದಿಂದ ಪಂಚಾಯತಿಗೆ ಸಾಮಾನ್ಯವಾಗಿ ಒಂದೇ ಫೈಬರ್ ಮಾರ್ಗವಿತ್ತು. 2023ರ ಆಗಸ್ಟ್‌ನಲ್ಲಿ ಅನುಮೋದನೆಗೊಂಡ ತಿದ್ದುಪಡಿ ಕಾರ್ಯಕ್ರಮವು ವರ್ತುಲ ಮಾದರಿಯನ್ನೂ, ತಾಲ್ಲೂಕು ಹಾಗೂ ಪಂಚಾಯತಿಗಳಲ್ಲಿ ರೌಟರುಗಳನ್ನೂ ಒಳಗೊಂಡಿದೆ. ವರ್ತುಲದಲ್ಲಿ ಒಂದು ಬದಿ ಕಡಿದರೂ ಇನ್ನೊಂದು ಬದಿಯಿಂದ ಸಂಪರ್ಕ ಉಳಿಯಬೇಕು. ಇದಕ್ಕೆ ಎರಡೂ ಬದಿಯ ನೆರೆಯ ರೌಟರುಗಳೊಡನೆ ಹೊಂದಾಣಿಕೆ ಇರಬೇಕು.

ಬದುವಿನ ಗುರುತನ್ನು ಎರಡೂ ಹೊಲದವರು ಒಪ್ಪಿದಾಗಲೇ ವ್ಯಾಜ್ಯವಿಲ್ಲ. ರೌಟರುಗಳದೂ ಅದೇ ರೀತಿ. ಇಂಥ ಜಾಲಗಳಲ್ಲಿ ಬಳಸಲಾಗುವ ನಿಯಮಾವಳಿಗಳಲ್ಲಿ ಓಎಸ್‌ಪಿಎಫ್ ಒಂದು. ಇದರಲ್ಲಿ ರೌಟರುಗಳು ಸಾಮಾನ್ಯವಾಗಿ 10 ಸೆಕೆಂಡಿಗೊಮ್ಮೆ ‘ಹಲೋ’ ಸಂದೇಶ ಕಳುಹಿಸುತ್ತವೆ. 40 ಸೆಕೆಂಡು ಸಂದೇಶ ಬಾರದಿದ್ದರೆ ನೆರೆ ರೌಟರು ಇಲ್ಲವೆಂದೇ ಪರಿಗಣಿಸುತ್ತವೆ.

ತಪಾಸಣೆಯ ಕ್ರಮ ಹೀಗಿದೆ:

1. ಮೊದಲು ವಿದ್ಯುತ್, ಬ್ಯಾಟರಿ, ಕೇಬಲ್ ಮತ್ತು ಸೂಚಕ ದೀಪಗಳನ್ನು ನೋಡಬೇಕು.

2. ನೆರೆ ರೌಟರಿನ ಸ್ಥಿತಿ ‘ಇನಿಟ್’ ಎಂದಿದ್ದರೆ, ಅದರ ಸಂದೇಶ ಇತ್ತ ಬರುತ್ತಿದೆ, ಇತ್ತಣ ಸಂದೇಶ ಅತ್ತ ತಲುಪುತ್ತಿಲ್ಲವೆಂದು ಊಹಿಸಬಹುದು. ಜೋಡಿ ಎಳೆಯ ಫೈಬರಿನಲ್ಲಿ ಒಂದು ಎಳೆಯ ದೋಷವೂ ಇದಕ್ಕೆ ಕಾರಣವಾಗಬಹುದು.

3. ನೆರೆ ರೌಟರು ಕಾಣಿಸದೇ ಇದ್ದರೆ ವಲಯ ಸಂಖ್ಯೆ, ಸಮಯದ ಅಂತರ, ಗುಪ್ತಪದ ಎರಡೂ ಕಡೆ ಒಂದೇ ಇವೆಯೇ ಎಂದು ತಾಳೆ ನೋಡಬೇಕು. ಹೊಸ ರೌಟರು ಅಳವಡಿಸಿದಾಗ ಇವು ತಪ್ಪುವ ಸಾಧ್ಯತೆ ಹೆಚ್ಚು.

4. ‘ಎಕ್ಸ್‌ಸ್ಟಾರ್ಟ್’ನಲ್ಲಿ ನಿಂತಿದ್ದರೆ ದತ್ತಾಂಶ ಪೊಟ್ಟಣದ ಗರಿಷ್ಠ ಗಾತ್ರದ ಮಿತಿ ಎರಡೂ ಕಡೆ ಬೇರೆಯಾಗಿರಬಹುದು. ‘ಫುಲ್’ ಎಂದಾದಾಗ ಮಾತ್ರ ಹೊಂದಾಣಿಕೆ ಪೂರ್ಣ.

2ರಿಂದ 4ರವರೆಗಿನ ಕಾರ್ಯ ತಾಂತ್ರಿಕ ಸಿಬ್ಬಂದಿಯದು. ಆದರೆ ಒಂದು ಅಪಾಯವನ್ನು ಸದಸ್ಯರು ಮರೆಯಬಾರದು. ಒಂದು ಬದಿಯ ಹೊಂದಾಣಿಕೆ ಮುರಿದರೂ ಕಚೇರಿಯಲ್ಲಿ ನೆಟ್ ನಡೆಯುತ್ತಲೇ ಇರುತ್ತದೆ. ದೋಷ ಯಾರ ಗಮನಕ್ಕೂ ಬರುವುದಿಲ್ಲ. ಮುಂದೆ ಚರಂಡಿ ಅಥವಾ ನೀರಿನ ಪೈಪಿಗೆ ನೆಲ ಅಗೆಯುವಾಗ ಇನ್ನೊಂದು ಬದಿಯೂ ಕಡಿದರೆ ಸಂಪರ್ಕ ಪೂರ್ಣ ನಿಲ್ಲುತ್ತದೆ. ಆದುದರಿಂದ ವರ್ತುಲಕ್ಕೆ ಸೇರಿದ ಪಂಚಾಯತಿಗಳು “ಎರಡೂ ನೆರೆಗಳು ಫುಲ್ ಸ್ಥಿತಿಯಲ್ಲಿವೆಯೇ?” ಎಂದು ನಿರ್ವಹಣಾ ಸಿಬ್ಬಂದಿಯನ್ನು ಪ್ರತಿ ತಿಂಗಳು ವಿಚಾರಿಸುವುದು, ನೆಲ ಅಗೆಯುವ ಮುನ್ನ ಮಾಹಿತಿ ನೀಡುವುದು, ಸಂಪರ್ಕ ನಿಂತಾಗ ವೇಳೆಯನ್ನೂ ದೀಪಗಳ ಸ್ಥಿತಿಯನ್ನೂ ವಹಿಯಲ್ಲಿ ದಾಖಲಿಸಿದ ನಂತರವೇ ಉಪಕರಣವನ್ನು ಆರಿಸಿ ಹಚ್ಚುವುದು ಸೂಕ್ತ.