ಹೂಳಿನಲ್ಲಿ ಹುದುಗಿದ ದಿಕ್ಸೂಚಿ

ಹಾರಂಗಿ ಜಲಾಶಯವನ್ನು ನೀವು ನೋಡಿರಬಹುದು. ಕೊಡಗಿನ ಕುಶಾಲನಗರದ ಹತ್ತಿರ ಇದೆ. 2018ರ ಆಗಸ್ಟ್ ತಿಂಗಳಲ್ಲಿ ಕೊಡಗಿನಲ್ಲಿ ಎಡೆಬಿಡದೆ ಮಳೆ ಸುರಿಯಿತು. ಗುಡ್ಡಗಳು ಜಾರಿದವು. ಮನೆ, ಕಾಫಿ ತೋಟ, ಗದ್ದೆಗಳು ಮಣ್ಣಿನಡಿ ಹೋದವು. ನೀವಾಗ ತುಂಬಾ ಚಿಕ್ಕವರು. ಮನೆಯ ಹಿರಿಯರನ್ನು ಕೇಳಿ, ಹೇಳುತ್ತಾರೆ. ಕುಸಿದ ಗುಡ್ಡಗಳ ಮಣ್ಣು ತೊರೆಗಳಲ್ಲಿ ಇಳಿದು ಬಂತು. ಅದರಲ್ಲಿ ಬಹಳಷ್ಟು ಹಾರಂಗಿ ಜಲಾಶಯವನ್ನು ಸೇರಿತು. ಆಮೇಲೆ ನೀರು ತಿಳಿಯಾಯಿತು. ಹಾಗಾದರೆ ಮಣ್ಣು ಎಲ್ಲಿ ಹೋಯಿತು?

ತಳದಲ್ಲಿ ಕುಳಿತಿದೆ. ಅದನ್ನೇ ಹೂಳು ಎನ್ನುತ್ತೇವೆ. ಪ್ರತಿ ಮಳೆಗಾಲಕ್ಕೂ ಒಂದಿಷ್ಟು ಹೂಳು ಬಂದು ಹಳೆಯದರ ಮೇಲೆ ಕೂರುತ್ತದೆ. ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು. ಅಜ್ಜಿಯ ಪೆಟ್ಟಿಗೆಯಲ್ಲಿ ಮಡಿಚಿಟ್ಟ ಸೀರೆಗಳಂತೆ! ಹೀಗಾಗಿ ಹೂಳು ಎಂದರೆ ಒಂದು ಬಗೆಯ ದಿನಚರಿ.

ಈ ದಿನಚರಿಯಲ್ಲಿ ಮಳೆಯ ಲೆಕ್ಕ ಮಾತ್ರವಲ್ಲ, ದಿಕ್ಕಿನ ಲೆಕ್ಕವೂ ಇರುತ್ತದೆ. ಅದು ಹೇಗೆ?

ಮಣ್ಣಿನಲ್ಲಿ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಖನಿಜದ ಕಣಗಳಿರುತ್ತವೆ. ಇವು ಪುಟ್ಟ ಅಯಸ್ಕಾಂತಗಳು. ಭೂಮಿಯೂ ಒಂದು ದೊಡ್ಡ ಅಯಸ್ಕಾಂತದಂತೆ ವರ್ತಿಸುತ್ತದೆ ಎಂದು ನೀವು ಓದಿದ್ದೀರಿ. ಸುಮಾರು 2,900 ಕಿಲೋಮೀಟರ್ ಆಳದಲ್ಲಿ ಕರಗಿದ ಕಬ್ಬಿಣ ಸದಾ ಹೊರಳಾಡುತ್ತಿದೆ. ಭೂಮಿಯ ಕಾಂತಕ್ಷೇತ್ರ ಹುಟ್ಟುವುದು ಅಲ್ಲಿಯೇ. ನಿಶ್ಚಲವಾದ ನೀರಿನಲ್ಲಿ ತಳ ಸೇರುವಾಗ ಈ ಸಣ್ಣ ಕಣಗಳು ದಿಕ್ಸೂಚಿಯ ಮುಳ್ಳಿನಂತೆ ತಿರುಗಿ, ಭೂಮಿಯ ಕಾಂತಕ್ಷೇತ್ರದ ದಿಕ್ಕಿಗೆ ಹೊಂದಿಕೊಳ್ಳುತ್ತವೆ. ಮೇಲೆ ಮತ್ತಷ್ಟು ಕೆಸರು ಬಿದ್ದು ಗಟ್ಟಿಯಾದಾಗ ಅಲ್ಲಾಡಲಾರದೆ ಹಾಗೆಯೇ ಉಳಿದುಬಿಡುತ್ತವೆ. ಎಲ್ಲ ಕಣಗಳೂ ಅಲ್ಲ. ದಪ್ಪ ಮರಳು ತನ್ನ ಭಾರಕ್ಕೆ ಬೀಳುತ್ತದೆ. ರಭಸದ ನೀರಿನಲ್ಲಿ ಕಣಗಳು ಉರುಳಾಡುತ್ತವೆ. ತಳದ ಹುಳುಗಳು ಕೆಸರನ್ನು ಕಲಕುವುದೂ ಉಂಟು. ಆದರೂ ಕೋಟಿಗಟ್ಟಲೆ ಕಣಗಳನ್ನು ಒಟ್ಟಿಗೆ ಅಳೆದಾಗ ಒಂದು ದಿಕ್ಕು ಕಂಡುಬರುತ್ತದೆ.

ಹಾರಂಗಿಯ ಹೂಳಿಗೆ ವಯಸ್ಸು ಸಾಲದು. ಅಣೆಕಟ್ಟು ಕಟ್ಟಿ ನಾಲ್ಕು ದಶಕ ಕಳೆದಿದೆ, ಅಷ್ಟೇ. ಲಕ್ಷಾಂತರ ವರ್ಷಗಳ ದಿನಚರಿ ಬೇಕಾದರೆ ಸಮುದ್ರದ ತಳಕ್ಕೇ ಹೋಗಬೇಕು. ಹಾರಂಗಿ ನದಿ ಕೂಡಿಗೆಯಲ್ಲಿ ಕಾವೇರಿಯನ್ನು ಸೇರುತ್ತದೆ, ಕಾವೇರಿ ಬಂಗಾಳ ಕೊಲ್ಲಿಯನ್ನು. ಅಣೆಕಟ್ಟುಗಳಿಲ್ಲದ ಕಾಲದಲ್ಲಿ ಕೊಡಗಿನ ಮಣ್ಣು ಅಡೆತಡೆಯಿಲ್ಲದೆ ಅಲ್ಲಿಯವರೆಗೆ ಹೋಗುತ್ತಿತ್ತು. ನದಿಗಳಿಂದ ಬಹುದೂರದ ಆಳ ಸಮುದ್ರದಲ್ಲಿ ಕೆಸರು ಸೇರುವುದು ಎಷ್ಟು ನಿಧಾನ ಗೊತ್ತೇ? ಎಷ್ಟೋ ಕಡೆ ಸಾವಿರ ವರ್ಷಕ್ಕೆ ಒಂದು ಸೆಂಟಿಮೀಟರಿಗಿಂತಲೂ ಕಡಿಮೆ!

ಈಗ ಒಂದು ವಿಚಿತ್ರ ಸಂಗತಿ. 1906ರಲ್ಲಿ ಬರ್ನಾರ್ಡ್ ಬ್ರೂನ್ ಎಂಬ ಫ್ರಾನ್ಸಿನ ವಿಜ್ಞಾನಿ, ಲಾವಾದ ಬಿಸಿಗೆ ಸುಟ್ಟ ಜೇಡಿಮಣ್ಣನ್ನು ಪರೀಕ್ಷಿಸಿದರು. ಅದರ ಕಾಂತ ದಿಕ್ಕು ಇಂದಿನದಕ್ಕೆ ಪೂರ್ತಿ ವಿರುದ್ಧವಾಗಿತ್ತು. 1929ರಲ್ಲಿ ಜಪಾನಿನ ಮೊಟೊನೊರಿ ಮಟುಯಾಮ ಅಂತಹ ಅನೇಕ ಶಿಲೆಗಳನ್ನು ಪರಿಶೀಲಿಸಿ, ಹಿಂದೊಮ್ಮೆ ಭೂಮಿಯ ಕಾಂತ ಧ್ರುವಗಳೇ ಅದಲುಬದಲಾಗಿದ್ದವು ಎಂದರು. ಆ ಕಾಲದಲ್ಲಿ ನಿಮ್ಮ ಕೈಯಲ್ಲಿ ದಿಕ್ಸೂಚಿ ಇದ್ದಿದ್ದರೆ ಅದರ ಉತ್ತರದ ಮುಳ್ಳು ದಕ್ಷಿಣಕ್ಕೆ ತಿರುಗಿ ನಿಲ್ಲುತ್ತಿತ್ತು!

ಹೆಚ್ಚಿನವರು ನಂಬಲಿಲ್ಲ. ಅದು ತಪ್ಪೇನಲ್ಲ. ಏಕೆಂದರೆ 1950ರ ದಶಕದ ಆರಂಭದಲ್ಲಿ ಜಪಾನಿನ ಹರುನಾ ಪರ್ವತದ ಒಂದು ಶಿಲೆ ಎಲ್ಲರನ್ನೂ ಗೊಂದಲಕ್ಕೆ ತಳ್ಳಿತು. ಅದನ್ನು ಕಾಯಿಸಿ ಆರಿಸಿದರೆ ತಾನಾಗಿಯೇ ಉಲ್ಟಾ ಕಾಂತತ್ವ ಪಡೆಯುತ್ತಿತ್ತು. ಹಾಗಾದರೆ ತಿರುಗಿದ್ದು ಭೂಮಿಯೋ, ಬರೀ ಕಲ್ಲೋ?

ಈ ಜಗಳವನ್ನು ತೀರಿಸಲು ಕೆಸರು ಬಹಳ ನೆರವಾಯಿತು. ಕೆಸರನ್ನು ಯಾರೂ ಕಾಯಿಸಿಲ್ಲ, ಆರಿಸಿಲ್ಲ. ಅದು ಸುಮ್ಮನೆ ತಳ ಸೇರಿದ್ದು. 1960ರ ದಶಕದಲ್ಲಿ ಲಾವಾ ಶಿಲೆಗಳ ವಯಸ್ಸನ್ನು ಅಳೆದು, ಯಾವ ಯಾವ ಕಾಲದಲ್ಲಿ ಧ್ರುವಗಳು ತಿರುಗಿದವು ಎಂಬ ಪಟ್ಟಿ ತಯಾರಾಗಿತ್ತು. 1966ರಲ್ಲಿ ಅಮೆರಿಕದ ನೀಲ್ ಆಪ್‌ಡೈಕ್ ಮತ್ತು ಸಂಗಡಿಗರು ಅಂಟಾರ್ಕ್ಟಿಕ ಸಮುದ್ರದ ತಳಕ್ಕೆ ಉದ್ದನೆಯ ಕೊಳವೆ ಇಳಿಸಿ ತೆಗೆದ ಕೆಸರನ್ನು ಮೇಲಿನಿಂದ ಕೆಳಗೆ ಅಳೆದರು. ಇಂದಿನ ದಿಕ್ಕು, ಅದರ ಕೆಳಗೆ ವಿರುದ್ಧ ದಿಕ್ಕು, ಮತ್ತೆ ಇಂದಿನ ದಿಕ್ಕು. ಲಾವಾದ ಪಟ್ಟಿಯಲ್ಲಿದ್ದ ಕ್ರಮವೇ ಇಲ್ಲೂ ಇತ್ತು! ಬೆಂಕಿಯಿಂದ ಬಂದ ಕಲ್ಲು, ನೀರಿನಲ್ಲಿ ಕುಳಿತ ಕೆಸರು, ಎರಡೂ ಒಂದೇ ಕಥೆ ಹೇಳಿದವು. ತಿರುಗಿದ್ದು ಭೂಮಿಯ ಕಾಂತಕ್ಷೇತ್ರವೇ.

ಅಷ್ಟು ದೂರದ ಅಂಟಾರ್ಕ್ಟಿಕವೇ ಏಕೆ? ಕೊಳವೆ ಕೆಸರಿಗೆ ಇಳಿಯುವಾಗ ಸುತ್ತಿಕೊಳ್ಳುತ್ತದೆ. ಮೇಲೆ ತಂದ ಮೇಲೆ ಉತ್ತರ ಯಾವುದು, ದಕ್ಷಿಣ ಯಾವುದು ತಿಳಿಯದು. ಆದರೆ ಧ್ರುವಗಳ ಬಳಿ ಕಾಂತದ ಮುಳ್ಳು ಬಹುತೇಕ ನೆಟ್ಟಗೆ ನಿಲ್ಲುತ್ತದೆ. ಅದು ಮೇಲಕ್ಕೋ ಕೆಳಕ್ಕೋ ಎಂದು ತಿಳಿದರೆ ಸಾಕು, ಕೊಳವೆ ಎಷ್ಟು ಸುತ್ತಿದರೂ ಚಿಂತೆಯಿಲ್ಲ. ನಮ್ಮ ಕಡೆ ಹಾಗಲ್ಲ. ಕಾಂತೀಯ ಸಮಭಾಜಕ ದಕ್ಷಿಣ ಭಾರತದ ತುದಿಯ ಹತ್ತಿರ ಹಾದುಹೋಗುತ್ತದೆ. 1963ರಲ್ಲಿ ನಮ್ಮ ಮೊದಲ ರಾಕೆಟ್ ಉಡಾವಣೆಗೆ ಕೇರಳದ ತುಂಬಾವನ್ನು ಆರಿಸಿದ್ದೂ ಇದೇ ಕಾರಣಕ್ಕೆ. ಇಲ್ಲಿ ಮುಳ್ಳು ಬಹುತೇಕ ಅಡ್ಡವಾಗಿ ಮಲಗಿರುತ್ತದೆ. ಆದ್ದರಿಂದ ಕೊಳವೆ ಎಷ್ಟು ಸುತ್ತಿತು ಎಂಬುದನ್ನೂ ಗುರುತಿಸಿಡಬೇಕು. 2015ರಲ್ಲಿ ಜಾಯ್ಡಿಸ್ ರೆಸಲ್ಯೂಶನ್ ಎಂಬ ಹಡಗು ಬಂಗಾಳ ಕೊಲ್ಲಿಯಲ್ಲಿ ಒಂದೇ ಸಾಲಿನಲ್ಲಿ ಏಳು ಕಡೆ ಕೊರೆದಾಗ ಅಲ್ಲಿಯ ಕೆಸರಿನಲ್ಲೂ ಕೊನೆಯ ತಿರುವು ಕಂಡಿತು. ಆ ಕೆಸರಿನ ಬಹುಪಾಲು ಹಿಮಾಲಯದ್ದು.

ಕೊನೆಯ ತಿರುವು ನಡೆದದ್ದು ಸುಮಾರು 7,73,000 ವರ್ಷಗಳ ಹಿಂದೆ. ಈಗ ಒಂದು ಲೆಕ್ಕ ಮಾಡಿ. ಒಂದು ಕೊಳವೆಯಲ್ಲಿ ಈ ತಿರುವು 773 ಸೆಂಟಿಮೀಟರ್ ಆಳದಲ್ಲಿ ಸಿಕ್ಕಿತು ಎನ್ನಿ. ಅಲ್ಲಿ ಸಾವಿರ ವರ್ಷಕ್ಕೆ ಎಷ್ಟು ಕೆಸರು ಸೇರಿತು? ಒಂದು ಸೆಂಟಿಮೀಟರ್. ಇನ್ನೊಂದು ಕೊಳವೆಯಲ್ಲಿ ಅದರ ಅರ್ಧ ಆಳಕ್ಕೇ ಸಿಕ್ಕರೆ? ಸಾಗರ ವಿಜ್ಞಾನಿಗಳು ಮಾಡುವುದೂ ಇದೇ ಭಾಗಾಕಾರ.

ಧ್ರುವಗಳು ಮತ್ತೆ ತಿರುಗಿದರೆ ನಮ್ಮ ಗತಿಯೇನು ಎಂದು ಕೆಲವರಿಗೆ ಭಯ. ತಿರುಗುವುದೇನೋ ಖಂಡಿತ, ಯಾವಾಗ ಎಂದು ಯಾರೂ ಹೇಳಲಾರರು. ಆದರೆ ಅದು ಒಂದು ರಾತ್ರಿಯಲ್ಲಿ ಆಗುವ ಕೆಲಸವಲ್ಲ, ಸಾವಿರಾರು ವರ್ಷ ಹಿಡಿಯುತ್ತದೆ. ಆಗ ಕಾಂತಕ್ಷೇತ್ರ ತೀರ ದುರ್ಬಲವಾಗುತ್ತದೆ. ಸೂರ್ಯನಿಂದ ಬರುವ ವಿದ್ಯುದಾವೇಶದ ಕಣಗಳಿಗೆ ತಡೆ ಕಡಿಮೆಯಾಗಿ ಉಪಗ್ರಹಗಳಿಗೂ ವಿದ್ಯುತ್ ಜಾಲಕ್ಕೂ ತೊಂದರೆ ಆಗಬಹುದು. ಭೂಮಿ ತಲೆಕೆಳಗಾಗುವುದಿಲ್ಲ, ಸೂರ್ಯ ಪಶ್ಚಿಮದಲ್ಲಿ ಹುಟ್ಟುವುದೂ ಇಲ್ಲ! ಯಾದಗಿರಿ ಜಿಲ್ಲೆಯ ಇಸಾಂಪುರದಲ್ಲಿ ಆದಿಮಾನವರು ಕಲ್ಲಿನ ಕೊಡಲಿಗಳನ್ನು ಮಾಡುತ್ತಿದ್ದ ನೆಲೆ ದೊರೆತಿದೆ. ಅದರ ವಯಸ್ಸು ಸುಮಾರು 12 ಲಕ್ಷ ವರ್ಷ ಎಂದು ಅಂದಾಜು. ಎಂದರೆ ಆ ತಿರುವಿಗಿಂತ ಮೊದಲು ಮನುಷ್ಯರಿದ್ದರು, ಆಮೇಲೂ ಇದ್ದರು.

ಇನ್ನು ನಿಮ್ಮ ಪ್ರಯೋಗ. ಇದಕ್ಕಾಗಿ ಜಲಾಶಯದ ಬಳಿ ಹೋಗಬೇಡಿ. ಮನೆ ಕಟ್ಟುವಲ್ಲಿ ಹಾಕಿದ ನದಿಯ ಮರಳಿನಿಂದ ಕೇಳಿಕೊಂಡು ಒಂದು ಹಿಡಿ ತನ್ನಿ, ಬಿಸಿಲಿಗೆ ಒಣಗಿಸಿ. ಅಯಸ್ಕಾಂತಕ್ಕೆ ಪ್ಲಾಸ್ಟಿಕ್ ಕವರ್ ಸುತ್ತಿ ಮರಳಿನಲ್ಲಿ ಆಡಿಸಿ. ಕಪ್ಪು ಪುಡಿ ಅಂಟಿಕೊಳ್ಳುತ್ತದೆ. ಕವರನ್ನು ಕಳಚಿದರೆ ಪುಡಿ ಉದುರುತ್ತದೆ. ಅದನ್ನು ಕಾಗದದ ಮೇಲೆ ಹರಡಿ, ಕೆಳಗಿನಿಂದ ಅಯಸ್ಕಾಂತವನ್ನು ತಿರುಗಿಸಿ. ಕಣಗಳು ಎದ್ದು ನಿಂತು ಹೊರಳುವುದನ್ನು ನೋಡಿ. ಆಮೇಲೆ ಪುಡಿಯನ್ನು ಎಸೆಯಬೇಡಿ. ಪೊಟ್ಟಣ ಕಟ್ಟಿ, ಯಾವ ಹೊಳೆಯ ಮರಳು ಎಂದು ಬರೆದು, ಶಾಲೆಯ ವಿಜ್ಞಾನ ಮೂಲೆಯಲ್ಲಿ ಇಡಿ.