ಮಲೆನಾಡಿನಲ್ಲಿ ಸಾಕುಮೊಲಕ್ಕೆ ತಕ್ಕ ಗೂಡು

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಮಕ್ಕಳ ಅಕ್ಕರೆಗಾಗಲಿ, ಅಲ್ಪಸ್ವಲ್ಪ ಆದಾಯಕ್ಕಾಗಲಿ ಮೊಲವನ್ನು ಸಾಕಬಯಸುವವರು ಮೊದಲು ಯೋಚಿಸತಕ್ಕುದು ಗೂಡಿನ ವಿಷಯ. ಭಾರತದಲ್ಲಿ ಸಾಕುವ ತಳಿಗಳಲ್ಲಿ ಸೋವಿಯತ್ ಚಿಂಚಿಲ್ಲಾ ಎಂಬುದೊಂದು. ಚಿಂಚಿಲ್ಲಾ ಎಂಬುದು ವಾಸ್ತವವಾಗಿ ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳ ಒಣಹವೆಯಲ್ಲಿ ಬಾಳುವ ಬೇರೊಂದು ಪ್ರಾಣಿ. ಮಲೆನಾಡಿನ ತೇವವು ಅದಕ್ಕೆ ಒಗ್ಗತಕ್ಕುದಲ್ಲ. ಅದರ ಬೂದುಬಣ್ಣದ ತುಪ್ಪುಳನ್ನು ಹೋಲುವ ಮೊಲಗಳನ್ನು ಫ್ರಾನ್ಸ್ ದೇಶದಲ್ಲಿ 1913ರಲ್ಲಿ ಮೊದಲು ಪ್ರದರ್ಶಿಸಿದುದರಿಂದ ಈ ಹೆಸರು ಮೊಲಕ್ಕೂ ಬಂದಿತು. ಕಾಡಿನಲ್ಲಿ ಸಿಕ್ಕುವ ಮೊಲವು ಬೇರೆಯ ಜಾತಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಅದನ್ನು ಹಿಡಿದು ಸಾಕಕೂಡದು.

ಮೊಲವು ಚಳಿಯನ್ನು ಸಾಕಷ್ಟು ತಾಳಬಲ್ಲುದು. ತೇವವನ್ನೂ ಬಿಸಿಲಿನ ಬೇಗೆಯನ್ನೂ ತಾಳಲಾರದು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ಇಂತಹ ಸೀಮೆಯಲ್ಲಿ ಚಳಿಗೆ ಹೆದರಿ ನಾಲ್ಕು ಕಡೆಯೂ ಮುಚ್ಚಿದ ಪೆಟ್ಟಿಗೆಯಲ್ಲಿ ಮೊಲವನ್ನಿಡುವುದೇ ದೊಡ್ಡ ತಪ್ಪು. ಗಾಳಿಯಾಡದ ಪೆಟ್ಟಿಗೆಯಲ್ಲಿ ಮೂತ್ರದ ಘಾಟು ನಿಂತು ಮೂಗನ್ನು ಕೆರಳಿಸುವುದು. ನೆಗಡಿಯೂ ಕಜ್ಜಿಯೂ ತಲೆದೋರುವುವು. ಮರಿಗಳ ಪ್ರಾಣ ತೆಗೆಯುವ ಕಾಕ್ಸಿಡಿಯಾ ಭೇದಿಯ ಬೀಜಗಳು ಹಿಕ್ಕೆಯೊಡನೆ ಬಿದ್ದು, ತೇವವೂ ಬೆಚ್ಚನೆಯ ಹವೆಯೂ ದೊರೆತರೆ ಕೆಲವೇ ದಿನಗಳಲ್ಲಿ ಬಲಿತು ರೋಗವನ್ನು ಹರಡುತ್ತವೆ. ಪ್ರತಿದಿನವೂ ಹಿಕ್ಕೆಯನ್ನು ತೆಗೆದುಹಾಕಿದರೆ ಅವು ಬಲಿಯುವುದಕ್ಕೆ ಅವಕಾಶವೇ ಇರುವುದಿಲ್ಲ. ಆದುದರಿಂದ ಮಳೆಯ ಎರಚಲು ಒಳಬರದಂತೆಯೂ, ಗಾಳಿ ಆಡುವಂತೆಯೂ, ಕಸ ತಾನೇ ಕೆಳಗೆ ಬೀಳುವಂತೆಯೂ ಗೂಡನ್ನು ರಚಿಸಬೇಕು.

ನಾಲ್ಕೈದು ಕಿಲೋಗ್ರಾಂ ತೂಗುವ ಬಲಿತ ಮೊಲವೊಂದಕ್ಕೆ ಮೂರು ಅಡಿ ಉದ್ದ, ಎರಡೂವರೆ ಅಡಿ ಅಗಲ, ಎರಡು ಅಡಿ ಎತ್ತರದ ಗೂಡು ತಕ್ಕುದು. ಅಕ್ಕರೆಗೆ ಸಾಕುವ ಮೊಲವನ್ನು ದಿನಕ್ಕೆ ಕೆಲವು ಗಂಟೆ ಕಾವಲಿನಲ್ಲಿ ಒಣನೆಲದ ಮೇಲೆ ಬಿಡುವುದು ಅವಶ್ಯಕ. ಬಲಿತ ಗಂಡುಗಳನ್ನು ಒಟ್ಟಿಗೆ ಇಟ್ಟರೆ ಕಚ್ಚಾಡುವುವು. ಗೂಡು ನೆಲದಿಂದ ಮೂರು ಅಡಿ ಎತ್ತರದಲ್ಲಿರಲಿ. ನಾಲ್ಕು ಕಾಲುಗಳನ್ನೂ ನೀರಿನ ಬಟ್ಟಲಲ್ಲಿ ನಿಲ್ಲಿಸಿದರೆ ಇರುವೆ ಏರುವುದಿಲ್ಲ. ಸೊಳ್ಳೆ ಮರಿ ಮಾಡದಂತೆ ನೀರನ್ನು ಆಗಾಗ ಬದಲಿಸಬೇಕು.

ಚೌಕಟ್ಟನ್ನು ಮರದಿಂದ ಮಾಡಿ, ತಂತಿಬಲೆಯನ್ನು ಒಳಮೈಗೆ ಹೊಡೆಯಬೇಕು. ಇಲ್ಲವಾದರೆ ಮೊಲವು ಮರವನ್ನೇ ಕಡಿದುಬಿಡುವುದು. ಬಲೆಯ ಕಣ್ಣು ಅರ್ಧ ಅಂಗುಲಕ್ಕಿಂತ ದೊಡ್ಡದಾದರೆ ಮರಿಯ ಕಾಲು ಸಿಕ್ಕಿಕೊಳ್ಳುವುದು. ಹಾವು, ಇಲಿಗಳಿಗೂ ದಾರಿಯಾಗುವುದು. ಬರಿಯ ತಂತಿಯ ಮೇಲೆಯೇ ಸದಾ ಕುಳಿತರೆ ಅಂಗಾಲು ಹುಣ್ಣಾಗುವುದರಿಂದ, ತಳದ ಅರ್ಧಭಾಗಕ್ಕೆ ನುಣ್ಣಗೆ ಕೆತ್ತಿದ ಅಡಕೆ ದಬ್ಬೆಗಳನ್ನು ಅರ್ಧ ಅಂಗುಲದ ಸಂದು ಬಿಟ್ಟು ಹಾಸಬಹುದು. ಅವುಗಳನ್ನು ಕಟ್ಟದೆ ಬಿಡಿಯಾಗಿಟ್ಟರೆ ತೆಗೆದು ತೊಳೆದು, ಒಲೆಯ ಬಳಿ ಒಣಗಿಸಿ ಮತ್ತೆ ಹಾಸುವುದು ಸುಲಭ. ಎರಡು ಜೊತೆ ದಬ್ಬೆಗಳಿದ್ದರೆ ಆಷಾಢದಲ್ಲಿಯೂ ತೊಂದರೆಯಿಲ್ಲ.

ಗೂಡನ್ನು ಹೆಂಚಿನ ಮಾಡಿನ ಕೆಳಗೆ, ಮನೆಯ ಪೂರ್ವದ ಜಗಲಿಯಲ್ಲಿಡುವುದು ಉತ್ತಮ. ಮಳೆಗಾಳಿಯು ಪಡುವಣ ಮತ್ತು ತೆಂಕಣ ದಿಕ್ಕಿನಿಂದ ಬೀಸುವುದರಿಂದ ಆ ಎರಡು ಕಡೆಗೆ ಅಡಕೆ ಸೋಗೆಯ ತಟ್ಟಿ ಕಟ್ಟಿ, ಉಳಿದೆರಡು ಕಡೆ ತೆರೆದಿಡಬೇಕು. ಬೇಸಗೆಯಲ್ಲಿ ತಟ್ಟಿಯನ್ನು ಬಿಚ್ಚತಕ್ಕುದು. ಮೊಲಕ್ಕೆ ಬೆವರುವ ಶಕ್ತಿ ಬಹಳ ಕಡಮೆ. ಮೈಯ ಕಾವನ್ನು ಮುಖ್ಯವಾಗಿ ಕಿವಿಗಳ ಮೂಲಕ ಹೊರಗೆಡಹುವುದು. ಆದುದರಿಂದ ತಗಡಿನ ಮಾಡು ಕೂಡದು.

ಮೊಲವು ಗರ್ಭ ಧರಿಸಿದ 30 ಅಥವಾ 31ನೆಯ ದಿನ ಈಯುವುದು. 27ನೆಯ ದಿನ ಸುಮಾರು ಒಂದೂಮುಕ್ಕಾಲು ಅಡಿ ಉದ್ದ, ಒಂದು ಅಡಿ ಅಗಲದ ಮರದ ಪೆಟ್ಟಿಗೆಯಲ್ಲಿ ಒಣಗಿದ ಬತ್ತದ ಹುಲ್ಲನ್ನು ತುಂಬಿ ಗೂಡಿನೊಳಗಿಡಬೇಕು.

ಎರಡು ಎಚ್ಚರಿಕೆಗಳನ್ನು ಮರೆಯಕೂಡದು. ಕೊಟ್ಟಿಗೆಗೆ ಹಾಸುವಂತೆ ಕಾಡಿನ ತರಗೆಲೆಯನ್ನು ತಂದು ಗೂಡಿನ ಒಳಗಾಗಲಿ ಕೆಳಗಾಗಲಿ ಹಾಸಬಾರದು. ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆಯನ್ನು ಹರಡುವ ಉಣುಗುಗಳು ಅಂತಹ ಎಲೆಗಳಲ್ಲಿಯೇ ಅಡಗಿರುತ್ತವೆ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಈ ಕಾಯಿಲೆಯಿಂದ ಜನರು ಸತ್ತುದು ಎಲ್ಲರಿಗೂ ತಿಳಿದಿದೆ. ಮಕ್ಕಳು ದಿನವೂ ಕೈಯಿಡುವ ಗೂಡಿಗೆ ಆ ಎಲೆ ಸೇರುವುದು ಅಪಾಯಕರ. ಎರಡನೆಯದಾಗಿ, ಕೊಳೆರೋಗಕ್ಕಾಗಿ ಬೋರ್ಡೋ ದ್ರಾವಣ ಸಿಂಪಡಿಸಿದ ಅಡಕೆ ತೋಟದ ಹುಲ್ಲಿನ ಮೇಲೆ ಮೈಲುತುತ್ತದ ಅಂಶ ಉಳಿದಿರುವುದರಿಂದ, ಆ ಹುಲ್ಲನ್ನು ಮೊಲಕ್ಕೆ ಹಾಕಕೂಡದು. ಬೇರೆ ಕಡೆ ಕೊಯ್ದ ಹುಲ್ಲನ್ನೂ ಮಳೆನೀರು ಆರಿಸಿಯೇ ಕೊಡಬೇಕು.

ಗೂಡು ಸರಿಯಾಗಿದೆಯೆ ಎಂಬುದನ್ನು ತಿಳಿಯಲು ಸುಲಭವಾದ ಪರೀಕ್ಷೆಯೊಂದುಂಟು. ಜಡಿಮಳೆಯ ಮುಂಜಾನೆ ದಬ್ಬೆಯ ಮೇಲೆ ಅಂಗೈಯಿಟ್ಟರೆ ಒಣಗಿರಬೇಕು. ಮುಖವನ್ನು ಬಳಿಗೊಯ್ದರೆ ಕಣ್ಣು ಮೂಗು ಉರಿಯಬಾರದು. ವೈಶಾಖದಲ್ಲಿಯೇ ಗೂಡನ್ನು ಕಟ್ಟಿ, ಮೊದಲ ಮಳೆಗಳಲ್ಲಿ ಈ ಪರೀಕ್ಷೆಯನ್ನು ನಡೆಸಿ, ಆಮೇಲೆ ಮೊಲವನ್ನು ತರುವುದು ವಿವೇಕಿಗಳ ಲಕ್ಷಣ.